ವಿಶ್ವಸಂಸ್ಥೆಗೆ ಬರೆದರೆ ದೇಶದ್ರೋಹ ಆಗುತ್ತಾ? ಒಬ್ಬ ಮೇಷ್ಟ್ರ ಪ್ರಶ್ನೆಗೆ ವಕೀಲರ ಉತ್ತರ

ಓದುಗರ ಪ್ರಶ್ನೆ: "ನಾನು ಮಧ್ಯ ಕರ್ನಾಟಕದ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು. ನಮ್ಮ ಚಿಕ್ಕಪ್ಪನ ಮಗ, ನನಗಿಂತ ಚಿಕ್ಕವನು, ಮದುವೆಯಾದವನು, ಅವನನ್ನು ಕಳ್ಳತನದ ಅನುಮಾನದ ಮೇಲೆ ಪೊಲೀಸರು ಠಾಣೆಗೆ ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು, ತೀರಿಕೊಂಡಿದ್ದ. ಎದೆನೋವು ಅಂದರು. ಮೈಮೇಲೆ ಗಾಯ ಇದ್ದದ್ದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ಇದಾಗಿ ಎಂಟು ತಿಂಗಳಾಯಿತು, ಏನೂ ಆಗಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ ವಿಶ್ವಸಂಸ್ಥೆಗೂ ಆಮ್ನೆಸ್ಟಿ ಅನ್ನುವ ಮಾನವ ಹಕ್ಕು ಸಂಸ್ಥೆಗೂ ಬರೆಯೋಣ ಅನ್ನುತ್ತಾನೆ. ವಕೀಲರ ಖರ್ಚಿಗೆ ಅಲ್ಲಿನ ಸ್ನೇಹಿತರ ಹತ್ತಿರ ದುಡ್ಡು ಎತ್ತಿಕೊಡುತ್ತಾನಂತೆ. ನಮ್ಮ ಮಾವ ಕಂದಾಯ ಇಲಾಖೆಯಲ್ಲಿದ್ದು ರಿಟೈರ್ ಆದವರು. ದೇಶದ ಮಾನ ಹೊರಗೆ ಹರಾಜು ಹಾಕಬೇಡ, ದೇಶದ್ರೋಹದ ಕೇಸ್ ಬೀಳುತ್ತೆ, ನಿನ್ನ ನೌಕರಿನೂ ಹೋಗುತ್ತೆ ಅಂತಾರೆ. ಈ ಸಂಸ್ಥೆಗಳ ಹೆಸರು ಕೇಳಿದರೆ ನಮ್ಮ ಸರ್ಕಾರಕ್ಕೆ ಯಾಕೆ ಇಷ್ಟು ಸಿಟ್ಟು? ಬರೆದರೆ ಏನಾದರೂ ಪ್ರಯೋಜನ ಉಂಟಾ?"

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿದೆ. ಹೊರಗಿನವರಿಗೆ ಬರೆದರೆ ಮನೆಗೆ ತೊಂದರೆ ಬರುತ್ತೆ ಅನ್ನೋದು ಒಂದು. ಬರೆಯದೆ ಸುಮ್ಮನಿದ್ದರೆ ತಮ್ಮನ ಸಾವು ಹಾಗೇ ಮುಚ್ಚಿಹೋಗುತ್ತೆ ಅನ್ನೋದು ಇನ್ನೊಂದು. ಇಂಥ ಕೇಸುಗಳನ್ನು ಕೋರ್ಟಿನಲ್ಲಿ ನಡೆಸುತ್ತಾ ಬಂದವನಾಗಿ ಹೇಳುತ್ತೇನೆ, ಎರಡನೆಯ ಭಯವೇ ಹೆಚ್ಚು ನಿಜ. ಮತ್ತೆ ನಿಮ್ಮ ಹತ್ತಿರ ಉಳಿದಿರುವುದು ನಾಲ್ಕು ತಿಂಗಳು ಮಾತ್ರ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ದೇಶದ್ರೋಹದ ಮಾತು. ಹಳೆಯ ದಂಡ ಸಂಹಿತೆಯ 124ಎ ಕಲಮನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದರ ಜಾಗಕ್ಕೆ 152ನೇ ಕಲಂ ಇದೆ. ಅದು ದೇಶದ ಸಾರ್ವಭೌಮತ್ವಕ್ಕೆ, ಏಕತೆಗೆ ಅಪಾಯ ತರುವ ಕೆಲಸಕ್ಕೆ ಸಂಬಂಧಿಸಿದ್ದು. ಠಾಣೆಯಲ್ಲಿ ಸತ್ತ ಗಂಡನ ಬಗ್ಗೆ ಹೆಂಡತಿ ಬರೆದ ದೂರು ಅದರೊಳಗೆ ಬರುವುದಿಲ್ಲ. ವಿಶ್ವಸಂಸ್ಥೆಗೆ ಪತ್ರ ಬರೆಯಬಾರದು ಅನ್ನುವ ಕಾನೂನು ಈ ದೇಶದಲ್ಲಿ ಇಲ್ಲವೇ ಇಲ್ಲ. ಬದಲಿಗೆ ನಮ್ಮ ಸಂವಿಧಾನದ 51ನೇ ವಿಧಿ, ಅಂತರರಾಷ್ಟ್ರೀಯ ಕಾನೂನಿಗೆ ಮತ್ತು ಒಪ್ಪಂದಗಳಿಗೆ ಗೌರವ ಬೆಳೆಸಲು ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. ವಿಶ್ವಸಂಸ್ಥೆ ನಮಗೆ ಪರರ ಮನೆಯೂ ಅಲ್ಲ. ಭಾರತ ಅದರ ಸ್ಥಾಪಕ ಸದಸ್ಯ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಅಂತ ಬರೆಯಲು ಹೊರಟಾಗ 'ಎಲ್ಲ ಮನುಷ್ಯರು' ಅಂತ ಆಗಬೇಕು ಎಂದು ಹಟ ಹಿಡಿದವರು ನಮ್ಮ ಹಂಸಾ ಮೆಹ್ತಾ.

ಹಾಗಂತ ನಿಮ್ಮ ಮಾವ ಸುಮ್ಸುಮ್ನೆ ಹೆದರಿದ್ದಾರೆ ಅಂತ ನಾನು ಹೇಳುವುದಿಲ್ಲ. ಕಾಶ್ಮೀರದ ಮಾನವ ಹಕ್ಕು ಕಾರ್ಯಕರ್ತ ಖುರ್ರಂ ಪರ್ವೇಜ್ 2016ರಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಇರುವ ಜಿನೀವಾದ ಸಭೆಗೆ ಹೊರಟಾಗ ದೆಹಲಿ ವಿಮಾನ ನಿಲ್ದಾಣದಲ್ಲೇ ಅವರನ್ನು ತಡೆದರು, ಆಮೇಲೆ ಬಂಧಿಸಿದರು. ಆ ಬಂಧನವನ್ನು ಹೈಕೋರ್ಟ್ ರದ್ದು ಮಾಡಿತು. 2021ರಲ್ಲಿ ಯುಎಪಿಎ ಅನ್ನುವ ಭಯೋತ್ಪಾದನೆ ತಡೆ ಕಾಯ್ದೆಯ ಕೆಳಗೆ ಮತ್ತೆ ಬಂಧನವಾಯಿತು. ವಿಶ್ವಸಂಸ್ಥೆಯ ಜೊತೆ ಮಾತಾಡಿದವರಿಗೆ ತೊಂದರೆ ಕೊಟ್ಟ ದೇಶಗಳ ಬಗ್ಗೆ ಅದರ ಪ್ರಧಾನ ಕಾರ್ಯದರ್ಶಿ ವರ್ಷ ವರ್ಷ ಒಂದು ವರದಿ ಕೊಡುತ್ತಾರೆ, ಅದರಲ್ಲಿ ಭಾರತದ ಹೆಸರೂ ಬಂದಿದೆ. ಆದರೆ ಅದು ಕಾಶ್ಮೀರದಂಥ ವಿಷಯದಲ್ಲಿ, ಸಂಘಟನೆ ಕಟ್ಟಿ ಕೆಲಸ ಮಾಡುವವರ ಮೇಲೆ ಬೀಳುವ ಒತ್ತಡ. ನಿಮ್ಮಂಥ ಮನೆಯವರಿಗೆ ತೊಂದರೆ ಬರುವುದು ದೆಹಲಿಯಿಂದಲ್ಲ, ಹತ್ತಿರದಿಂದ. ಠಾಣೆಯಿಂದ ಯಾರೋ ಬಂದು 'ರಾಜಿ ಮಾಡಿಕೊಳ್ಳಿ' ಅನ್ನುವುದು, ಸಾಕ್ಷಿ ಹೇಳಬೇಕಾದವನನ್ನು ಹೆದರಿಸುವುದು, ಮನೆಯ ಇನ್ನೊಬ್ಬ ಹುಡುಗನ ಮೇಲೆ ಸಣ್ಣ ಕೇಸ್ ಹಾಕುವುದು. ನೀವು ಜಿನೀವಾಕ್ಕೆ ಬರೆದರೂ ಇದು ಬರಬಹುದು, ಬರೆಯದಿದ್ದರೂ ಬರಬಹುದು.

ಇನ್ನು ಸರ್ಕಾರಕ್ಕೆ ಯಾಕೆ ಸಿಟ್ಟು ಅನ್ನುವ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಒಂದು ಪಕ್ಷದ ಕಥೆ ಅಲ್ಲ.

1946ರಲ್ಲಿ, ಇನ್ನೂ ಸ್ವಾತಂತ್ರ್ಯ ಕೂಡ ಬಂದಿರಲಿಲ್ಲ, ಭಾರತ ವಿಶ್ವಸಂಸ್ಥೆಗೆ ಒಂದು ದೂರು ಕೊಂಡುಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ಬಣ್ಣ ನೋಡಿ ಕೀಳಾಗಿ ನಡೆಸಿಕೊಳ್ಳುತ್ತಿದ್ದಾರೆ ಅಂತ. ನಮ್ಮ ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾ ಕೊಟ್ಟ ಉತ್ತರ, ಇದು ನಮ್ಮ ಆಂತರಿಕ ವಿಷಯ, ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 7ನೇ ಉಪವಿಧಿ ನೋಡಿ, ನೀವು ತಲೆಹಾಕುವಂತಿಲ್ಲ ಅಂತ. ಮನುಷ್ಯರ ಹಕ್ಕಿನ ಪ್ರಶ್ನೆ ಬಂದಾಗ ಆ ಮಾತು ನಿಲ್ಲುವುದಿಲ್ಲ ಅಂತ ಭಾರತ ವಾದಿಸಿತು, ಮಹಾಸಭೆಯಲ್ಲಿ ಗೆದ್ದಿತು. ಅವತ್ತು ನಾವು ಒಪ್ಪದ ಮಾತನ್ನೇ ಇವತ್ತು ನಮ್ಮ ವಿದೇಶಾಂಗ ಇಲಾಖೆ ಆಡುತ್ತದೆ. 2020ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಮಿಷೆಲ್ ಬಾಚೆಲೆಟ್ ಪೌರತ್ವ ತಿದ್ದುಪಡಿ ಕಾಯ್ದೆಯ ಕೇಸಿನಲ್ಲಿ ತಮ್ಮ ಮಾತು ಹೇಳಲು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಸರ್ಕಾರ ಹೇಳಿದ್ದು ಇದನ್ನೇ, ಇದು ನಮ್ಮ ಆಂತರಿಕ ವಿಷಯ, ಹೊರಗಿನವರಿಗೆ ಇದರಲ್ಲಿ ಹಕ್ಕಿಲ್ಲ.

ನಡುವೆ ಏನಾಯಿತು? ಕಾಶ್ಮೀರ ಆಯಿತು. 1948ರ ಜನವರಿ 1ರಂದು ಕಾಶ್ಮೀರದ ದಾಳಿಯ ದೂರನ್ನು ಭದ್ರತಾ ಮಂಡಳಿಗೆ ನಾವೇ ಕೊಂಡುಹೋದೆವು. ಅಲ್ಲಿ ದೊಡ್ಡ ದೇಶಗಳ ಲೆಕ್ಕಾಚಾರದಲ್ಲಿ ಅದು ಸಿಕ್ಕಿಕೊಂಡಿತು. ಆಗಿನಿಂದ ದೆಹಲಿಯಲ್ಲಿ ಯಾವ ಸರ್ಕಾರ ಬಂದರೂ 'ಮತ್ತೆ ಅಲ್ಲಿಗೆ ಹೋಗಬಾರದು, ಅವರನ್ನು ಒಳಗೆ ಬಿಡಲೂ ಬಾರದು' ಅನ್ನುವ ಎಚ್ಚರ ಬೇರೂರಿದೆ. ಈ ಅನುಮಾನಕ್ಕೆ ಕಾರಣ ಇದೆ, ಅದನ್ನು ಒಪ್ಪಬೇಕು. ಬೇರೆಯವರಿಗೆ ಪಾಠ ಹೇಳುವ ದೇಶಗಳು ತಮ್ಮ ಸರದಿ ಬಂದಾಗ ಬಾಗಿಲು ಹಾಕಿಕೊಂಡದ್ದನ್ನೂ ನಾವು ನೋಡಿದ್ದೇವೆ, ಅಮೆರಿಕ 2018ರಲ್ಲಿ ಮಾನವ ಹಕ್ಕುಗಳ ಮಂಡಳಿಯನ್ನೇ ಬಿಟ್ಟು ಹೋಯಿತು.

ಆದರೆ ಆ ಅನುಮಾನದ ನೆರಳಲ್ಲಿ ಠಾಣೆಯ ಏಟುಗಳೂ ಅಡಗಿಕೊಂಡವು. ನನಗೆ ನೋವಾಗುವುದು ಇಲ್ಲಿ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಅಂತ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಇಲ್ಲಿನ ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಹಾಗಾಗಿ ಹೊರದೇಶಗಳ ಸಮಾಜವಾದಿ ನಾಯಕರು, ಆಮ್ನೆಸ್ಟಿಯಂಥ ಸಂಸ್ಥೆಗಳು ಎತ್ತಿದ ದನಿ ಒಳಗಿದ್ದವರಿಗೆ ಆಸರೆ ಆಯಿತು. ಅದೇ 1976ರಲ್ಲೇ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಮೊದಲ ರೂಪ ಬಂತು. ಆಗ ಜೈಲಿನಲ್ಲಿದ್ದ ಪಕ್ಷಗಳೂ ಮುಂದೆ ಅಧಿಕಾರಕ್ಕೆ ಬಂದವು, ಆ ಕಾಯ್ದೆಯನ್ನು ಯಾರೂ ಕೈಬಿಡಲಿಲ್ಲ. 2010ರಲ್ಲಿ ಕಾಂಗ್ರೆಸ್ ಸರ್ಕಾರ ಹೊಸದಾಗಿ ಬರೆಯಿತು, 2020ರಲ್ಲಿ ಬಿಜೆಪಿ ಸರ್ಕಾರ ಇನ್ನೂ ಬಿಗಿ ಮಾಡಿತು.

ಇನ್ನೊಂದು ವಿಷಯ ನಿಮ್ಮ ಮಾವನಿಗೂ ಹೇಳಿ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಅಕ್ಟೋಬರಿನಲ್ಲಿ ಹುಟ್ಟಿದ್ದರ ಹಿಂದೆ ಈ ಹೊರಗಿನ ಒತ್ತಡವೇ ಇತ್ತು. ಆಗ ಕಾಶ್ಮೀರ, ಪಂಜಾಬಿನ ವಿಷಯಕ್ಕೆ ಭಾರತವನ್ನು ಎಲ್ಲ ಕಡೆ ಪ್ರಶ್ನಿಸುತ್ತಿದ್ದರು. 1994ರಲ್ಲಿ ಜಿನೀವಾದಲ್ಲಿ ಪಾಕಿಸ್ತಾನ ನಮ್ಮ ವಿರುದ್ಧ ನಿರ್ಣಯ ತಂದಾಗ ನರಸಿಂಹ ರಾಯರು ವಿರೋಧ ಪಕ್ಷದ ವಾಜಪೇಯಿ ಅವರನ್ನೇ ನಿಯೋಗದ ಮುಖ್ಯಸ್ಥರಾಗಿ ಕಳಿಸಿದರು. ನಮ್ಮಲ್ಲೇ ಒಂದು ಆಯೋಗ ಇದೆ, ನಮ್ಮದನ್ನು ನಾವೇ ನೋಡಿಕೊಳ್ಳುತ್ತೇವೆ ಅಂತ ಹೇಳಲು ಅವತ್ತು ಒಂದು ಆಧಾರ ಇತ್ತು. ಅಂದರೆ ಹೊರಗಿನ ಕಣ್ಣು ಬಿದ್ದದ್ದರಿಂದ ಒಳಗೆ ನಿಮ್ಮಂಥವರಿಗೆ ಒಂದು ಬಾಗಿಲು ತೆರೆಯಿತು. ಮುಂದೆ ಅದೇ ಆಯೋಗದ ಎ ದರ್ಜೆಯ, ಅಂದರೆ ಪೂರ್ಣ ಮಾನ್ಯತೆಯನ್ನು ನವೀಕರಿಸದೆ, ಎಲ್ಲ ದೇಶಗಳ ಇಂಥ ಆಯೋಗಗಳ ಜಿನೀವಾದ ಒಕ್ಕೂಟ 2023ರಲ್ಲಿ, ಮತ್ತೆ 2024ರಲ್ಲಿ ಮುಂದೂಡಿತು. ಪೊಲೀಸರ ಮೇಲಿನ ದೂರನ್ನು ತನಿಖೆ ಮಾಡುವವರೂ ಎರವಲು ಬಂದ ಪೊಲೀಸ್ ಅಧಿಕಾರಿಗಳೇ ಅನ್ನುವುದು ಅವರ ಆಕ್ಷೇಪಗಳಲ್ಲಿ ಒಂದು. ನಿಮ್ಮ ಕೇಸಿಗೂ ಇದು ಸೀದಾ ತಟ್ಟುವ ಆಕ್ಷೇಪ, ಅಲ್ವಾ?

ಚಿತ್ರಹಿಂಸೆ ವಿರುದ್ಧದ ಒಪ್ಪಂದದ ವಿಷಯ ಇನ್ನೂ ಬೇಸರದ್ದು. 1997ರಲ್ಲಿ ಸಹಿ ಹಾಕಿದೆವು. ಸಹಿ ಅಂದರೆ ಒಪ್ಪಿಗೆ ಇದೆ ಅಂತ ತೋರಿಸಿದ ಹಾಗೆ ಅಷ್ಟೆ, ಅನುಮೋದನೆ ಆದರೆ ಮಾತ್ರ ಅದಕ್ಕೆ ನಾವು ಬದ್ಧರು. ಅದು ಇವತ್ತಿಗೂ ಆಗಿಲ್ಲ. 2010ರಲ್ಲಿ ಒಂದು ಮಸೂದೆ ಲೋಕಸಭೆಯಲ್ಲಿ ಪಾಸ್ ಆಯಿತು, ರಾಜ್ಯಸಭೆಯ ಸಮಿತಿಗೆ ಹೋಯಿತು, ಕಾನೂನಾಗದೆ ಕೊನೆಗೊಂಡಿತು. 2017ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಭಾರತದ ಮಾನವ ಹಕ್ಕುಗಳ ಪರಿಶೀಲನೆಯಲ್ಲಿ ನಮ್ಮ ಅಟಾರ್ನಿ ಜನರಲ್, ಚಿತ್ರಹಿಂಸೆ ನಮ್ಮ ಸಂಸ್ಕೃತಿಯಲ್ಲೇ ಇಲ್ಲ ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮದೇ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ, ಒಪ್ಪಂದವನ್ನು ಅನುಮೋದಿಸಿ, ಕಾನೂನು ಮಾಡಿ ಅಂತ ಶಿಫಾರಸು ಮಾಡಿತು. ಇದರಿಂದ ದೇಶಕ್ಕೇ ನಷ್ಟ ಆಗಿದೆ. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ನಮಗೆ ಒಪ್ಪಿಸಲು ಡೆನ್ಮಾರ್ಕಿನ ಕೋರ್ಟುಗಳು 2011ರಲ್ಲೂ 2024ರಲ್ಲೂ ನಿರಾಕರಿಸಿದವು. ಕಾರಣ, ಇಲ್ಲಿ ಚಿತ್ರಹಿಂಸೆಯ ಅಪಾಯ ಇದೆ ಅನ್ನುವುದು. ದೇಶದ ಮಾನ ಹೋಗುವುದು ನಿಮ್ಮ ಮನೆಯವರು ಬರೆದ ಪತ್ರದಿಂದ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಸರಿ, ಬರೆದರೆ ಏನಾಗುತ್ತೆ? ಬಹಳ ಜನ ಅಂದುಕೊಂಡಿರುವ ಹಾಗೆ ವಿಶ್ವಸಂಸ್ಥೆಯವರು ಬಂದು ತನಿಖೆ ಮಾಡುವುದಿಲ್ಲ. ಯಾರನ್ನೂ ಅಮಾನತು ಮಾಡಿಸಲು, ಜೈಲಿಗೆ ಹಾಕಲು ಅವರಿಂದ ಆಗುವುದಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿತು. ಆದರೆ ವ್ಯಕ್ತಿಗಳು ನೇರವಾಗಿ ಅದರ ಪಾಲನೆ ನೋಡುವ ಸಮಿತಿಗೆ ದೂರು ಕೊಡುವ ಹೆಚ್ಚುವರಿ ಒಪ್ಪಂದಕ್ಕೆ ಸೇರಿಲ್ಲ. ಆ ದಾರಿ ನಮಗೆ ಮುಚ್ಚಿದೆ.

ತೆರೆದಿರುವ ದಾರಿ ವಿಶೇಷ ವರದಿಗಾರರದು. ಇವರು ಸಂಬಳ ಇಲ್ಲದೆ ಕೆಲಸ ಮಾಡುವ ಸ್ವತಂತ್ರ ತಜ್ಞರು. ಕಾನೂನುಬಾಹಿರ ಹತ್ಯೆಗಳಿಗೆ ಒಬ್ಬರು, ಚಿತ್ರಹಿಂಸೆಗೆ ಒಬ್ಬರು ಇದ್ದಾರೆ. ಇವರಿಗೆ ಬರೆಯಲು ಭಾರತ ಯಾವ ಒಪ್ಪಂದಕ್ಕೂ ಸಹಿ ಹಾಕಿರಬೇಕಿಲ್ಲ. ಇಲ್ಲಿನ ಕೋರ್ಟುಗಳನ್ನೆಲ್ಲ ಮುಗಿಸಿರಬೇಕು ಅಂತಲೂ ಇಲ್ಲ. ಆನ್‌ಲೈನ್ ಫಾರಂ ಇದೆ, ಖರ್ಚಿಲ್ಲ, ಇಂಗ್ಲಿಷಿನಲ್ಲಿ ಬರೆಯಬೇಕು. ಸತ್ತವರ ಮನೆಯವರ ಒಪ್ಪಿಗೆ ಬೇಕು. ಅವರಿಗೆ ನಂಬಿಕೆ ಬಂದರೆ ಜಿನೀವಾದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಪತ್ರ ಬರೆಯುತ್ತಾರೆ, ಉತ್ತರಕ್ಕೆ ಸಾಮಾನ್ಯವಾಗಿ 60 ದಿನ ಕೊಟ್ಟು ಆಮೇಲೆ ಪತ್ರವನ್ನೂ ಉತ್ತರ ಬಂದಿದ್ದರೆ ಅದನ್ನೂ ಪ್ರಕಟಿಸುತ್ತಾರೆ. ಆ ಪತ್ರ ದೆಹಲಿಗೆ ಬರುತ್ತದೆ. ಪೊಲೀಸ್ ರಾಜ್ಯದ ವಿಷಯ ಆದ್ದರಿಂದ ಉತ್ತರ ಕೊಡಬೇಕಾದರೆ ದೆಹಲಿಯವರು ಬೆಂಗಳೂರನ್ನೇ ಕೇಳಬೇಕು, ಬೆಂಗಳೂರಿನವರು ನಿಮ್ಮ ಜಿಲ್ಲೆಯ ಎಸ್ಪಿಯನ್ನು ಕೇಳಬೇಕು. ಮೂಲೆಗೆ ಬಿದ್ದ ಫೈಲು ಆಗ ಒಮ್ಮೆ ಮೇಲೆ ಬರುತ್ತದೆ. ಪತ್ರದ ಶಕ್ತಿ ಇರುವುದು ಇಷ್ಟರಲ್ಲೇ. ಉತ್ತರ ಬರದೇ ಹೋಗುವುದೂ ಉಂಟು. ಇದರಲ್ಲಿ ಅಪಾಯ ಅಂದರೆ, ಸತ್ತವರ ಹೆಸರು ಸರ್ಕಾರಕ್ಕೆ ಹೋಗುತ್ತದೆ. ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಿ ಅಂತ ಕೇಳಬಹುದು, ಆದರೆ ಸಣ್ಣ ಊರಿನಲ್ಲಿ ಯಾರು ಬರೆದರು ಅಂತ ಗೊತ್ತಾಗದೆ ಇರುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲ್ಲಿ ಕಾಗದ ಸರಿ ಇಲ್ಲದಿದ್ದರೆ ಜಿನೀವಾದ ಪತ್ರಕ್ಕೆ ಬಲವಿಲ್ಲ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ, ಸಾಕ್ಷಿಗಳ ಹೇಳಿಕೆ ಇಲ್ಲದೆ ಕಳಿಸಿದ ದೂರಿಗೆ 'ಹೃದಯಾಘಾತದಿಂದ ಸಾವು' ಅನ್ನುವ ಒಂದು ಸಾಲು ಉತ್ತರವಾಗಿ ಬಂದರೆ ಅದನ್ನು ತಿರುಗಿಸಿ ಹೇಳಲು ನಿಮ್ಮ ಕೈಯಲ್ಲಿ ಏನಿರುತ್ತದೆ?

ಹಾಗಾಗಿ ಇಲ್ಲಿಂದ ಶುರು ಮಾಡಿ. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ ಘಟನೆ ಆಗಿ ಒಂದು ವರ್ಷ ದಾಟಿದರೆ ರಾಷ್ಟ್ರೀಯ ಆಯೋಗವೂ ರಾಜ್ಯ ಆಯೋಗವೂ ವಿಚಾರಣೆ ಮಾಡುವಂತಿಲ್ಲ. ನಾನು ನಾಲ್ಕು ತಿಂಗಳು ಅಂದದ್ದು ಇದಕ್ಕೆ. ಪೊಲೀಸ್ ವಶದಲ್ಲಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು ಅಂತ 1993ರಿಂದಲೇ ಸೂಚನೆ ಇದೆ. ಆದ್ದರಿಂದ ನಿಮ್ಮ ತಮ್ಮನ ಹೆಸರಿನಲ್ಲಿ ಆಗಲೇ ಒಂದು ಫೈಲು ಇರಬಹುದು, ಮನೆಯವರಿಗೆ ಗೊತ್ತಿಲ್ಲದೆ. ಅದರ ನಂಬರ್ ಕೇಳಿ, ನಿಮ್ಮ ಹೇಳಿಕೆ ಮತ್ತು ಫೋಟೋಗಳನ್ನು ಅದಕ್ಕೆ ಸೇರಿಸಿ. ಫೈಲು ಇಲ್ಲದಿದ್ದರೆ ಹೊಸ ದೂರು ಕೊಡಿ. ಕನ್ನಡದಲ್ಲೇ ಕೊಡಬಹುದು, ಶುಲ್ಕ ಇಲ್ಲ. ಎರಡೂ ಆಯೋಗಕ್ಕೆ ಒಟ್ಟಿಗೆ ಕಳಿಸಬೇಡಿ, ಒಂದರ ಮುಂದೆ ಇದ್ದರೆ ಇನ್ನೊಂದು ತೆಗೆದುಕೊಳ್ಳುವುದಿಲ್ಲ. ಆಯೋಗದ ಮಾತು ಶಿಫಾರಸು ಮಾತ್ರ ಅನ್ನುವುದು ನಿಜ. ಪರಿಹಾರದ ಹಣ ಕೊಡಿಸುತ್ತಾರೆ, ಕ್ರಿಮಿನಲ್ ಕೇಸಿನ ತನಕ ಹೋಗುವುದು ಅಪರೂಪ. ಆದರೂ ಆಯೋಗ ತರಿಸುವ ದಾಖಲೆಗಳು ನಿಮಗೆ ಮುಂದೆ ಬೇಕೇ ಬೇಕು.

ಪೊಲೀಸ್ ವಶದ ಸಾವಿಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಅದು ಆಯಿತಾ, ಮನೆಯವರ ಹೇಳಿಕೆ ತೆಗೆದುಕೊಂಡರಾ, ವರದಿ ಎಲ್ಲಿದೆ ಅಂತ ಬರವಣಿಗೆಯಲ್ಲಿ ಕೇಳಿ. ಠಾಣೆಯ ಸಿಸಿಟಿವಿ ದೃಶ್ಯವನ್ನೂ ಇವತ್ತೇ ಕೇಳಿ, ಇದಕ್ಕೆ 2020ರ ಸುಪ್ರೀಂ ಕೋರ್ಟ್ ಆದೇಶ ಇದೆ. ತಡ ಮಾಡಿದಷ್ಟೂ 'ಅಳಿಸಿಹೋಗಿದೆ' ಅನ್ನುವ ಉತ್ತರಕ್ಕೆ ಅವಕಾಶ ಜಾಸ್ತಿ. ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಪ್ರತಿ ಹೋಗಲಿ.

ಇದರ ಮೇಲೆ ಹೈಕೋರ್ಟಿನ ರಿಟ್, ಅಂದರೆ ಹಕ್ಕಿಗೆ ಧಕ್ಕೆ ಬಂದಾಗ ನೇರವಾಗಿ ಅಲ್ಲಿ ಹಾಕುವ ಅರ್ಜಿ. ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಆಗುವುದು ಇಲ್ಲೇ. 1993ರಲ್ಲಿ ಒಡಿಶಾದ ನೀಲಾಬತಿ ಬೆಹೆರಾ ಅನ್ನುವ ತಾಯಿ, ಪೊಲೀಸ್ ವಶದಲ್ಲಿ ಸತ್ತ ಮಗನ ಬಗ್ಗೆ ಬರೆದ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು ಸುಪ್ರೀಂ ಕೋರ್ಟ್ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1979ರಲ್ಲಿ ಆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಸೇರುವಾಗ ಸರ್ಕಾರ, ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ ಅಂತ ಒಂದು ಷರತ್ತು ಬರೆದಿತ್ತು. ನೀಲಾಬತಿ ಅವರ ಕೇಸಿನಲ್ಲಿ ಕೋರ್ಟ್, ಅಂಥ ಪರಿಹಾರದ ಹಕ್ಕನ್ನು ಹೇಳುವ ಆ ಒಪ್ಪಂದದ 9ನೇ ವಿಧಿಯನ್ನೇ ಎತ್ತಿ ಹೇಳಿತು. ಮುಂದೆ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಆ ಷರತ್ತಿಗೆ ಈಗ ಅರ್ಥ ಉಳಿದಿಲ್ಲ ಅಂತಲೇ ಹೇಳಿತು. ಜಿನೀವಾದ ಕಾಗದ ನಮ್ಮ ಕೋರ್ಟಿನೊಳಗೆ ಬಂದು ಕೆಲಸ ಮಾಡುವುದು ಹೀಗೆ.

ಇನ್ನು ಆಮ್ನೆಸ್ಟಿ. ಅದು ವಿಶ್ವಸಂಸ್ಥೆಯ ಭಾಗ ಅಲ್ಲ, 1961ರಲ್ಲಿ ಲಂಡನ್ನಿನಲ್ಲಿ ಶುರುವಾದ ಖಾಸಗಿ ಸಂಸ್ಥೆ. ಅದರ ಭಾರತದ ಕಚೇರಿ ಬೆಂಗಳೂರಿನಲ್ಲೇ ಇತ್ತು. 2016ರಲ್ಲಿ ಕಾಶ್ಮೀರದ ಕುಟುಂಬಗಳನ್ನು ಕರೆಸಿ ಮಾಡಿದ ಕಾರ್ಯಕ್ರಮಕ್ಕೆ ದೇಶದ್ರೋಹದ ಕೇಸ್ ಬಿತ್ತು, ಅದು ಕೋರ್ಟಿನಲ್ಲಿ ನಿಲ್ಲಲಿಲ್ಲ. 2018ರಲ್ಲಿ ಇಡಿ, 2019ರಲ್ಲಿ ಸಿಬಿಐ ಶೋಧ ನಡೆಯಿತು. ಬ್ಯಾಂಕ್ ಖಾತೆ ಸ್ಥಗಿತವಾದ ಮೇಲೆ 2020ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿದರು. ಅನುಮತಿ ಸಿಗದಿದ್ದಾಗ ವ್ಯಾಪಾರದ ದಾರಿಯಲ್ಲಿ ವಿದೇಶಿ ಹಣ ತಂದರು ಅನ್ನುವುದು ಸರ್ಕಾರದ ಆರೋಪ. ಮಾತಾಡಿದ್ದಕ್ಕೆ ಶಿಕ್ಷೆ ಅನ್ನುವುದು ಆಮ್ನೆಸ್ಟಿಯ ಉತ್ತರ. ಹಣದ ಲೆಕ್ಕ ಕೇಳುವುದು ಸರ್ಕಾರದ ಹಕ್ಕು, ಆದರೆ ವಿಚಾರಣೆ ಮುಗಿಯುವ ಮೊದಲೇ ಖಾತೆ ಹಿಡಿದು ಬಾಗಿಲು ಮುಚ್ಚಿಸಿದ್ದು ಸರಿಯಲ್ಲ ಅಂತ ನಾನು ನಂಬುತ್ತೇನೆ. ನಿಮಗೆ ಇದರಿಂದ ತಿಳಿಯಬೇಕಾದ್ದು, ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು ಅನ್ನುವುದು.

ನಿಮ್ಮ ಭಾವಮೈದನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ಲೆಕ್ಕ ಬೇರೆ, ಸಂಬಂಧಿಕರಿಗೆ ಕೊಡುವ ವಿನಾಯಿತಿಯೊಳಗೆ ಬರುತ್ತದಾ ಅಂತ ನೋಡಬೇಕು. ಅವನ ಸ್ನೇಹಿತರ ಹತ್ತಿರ ಚಂದಾ ಎತ್ತುವುದಂತೂ ಬೇಡ. ಅದರ ಅಗತ್ಯವೂ ಇಲ್ಲ. ತಮ್ಮನ ಹೆಂಡತಿಗೆ, ಹೆಂಗಸು ಅನ್ನುವ ಕಾರಣಕ್ಕೇ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಕಚೇರಿ ಇರುತ್ತದೆ.

ನಿಮ್ಮ ನೌಕರಿಯ ಬಗ್ಗೆ ಮಾವ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ಸರ್ಕಾರಿ ನೌಕರರ ನಡತೆ ನಿಯಮಗಳು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಲು ಬಿಡುವುದಿಲ್ಲ. ತಮ್ಮನ ಹೆಂಡತಿ ಅಥವಾ ಚಿಕ್ಕಪ್ಪ ಅರ್ಜಿದಾರರಾಗಲಿ. ನೀವು ಕಣ್ಣಾರೆ ಕಂಡದ್ದನ್ನು ಸಾಕ್ಷಿಯಾಗಿ ಹೇಳಿ. ಕೋರ್ಟಿನ ಮುಂದೆ, ಮ್ಯಾಜಿಸ್ಟ್ರೇಟ್ ಮುಂದೆ ನಿಜ ಹೇಳುವುದಕ್ಕೆ ಯಾವ ನಡತೆ ನಿಯಮವೂ ಅಡ್ಡಿ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಮಾತ್ರ ಇದರ ಬಗ್ಗೆ ಬರೆಯಬೇಡಿ.

ಈ ವಾರ ತಮ್ಮನ ಹೆಂಡತಿಯನ್ನು ಕರೆದುಕೊಂಡು ಕಾನೂನು ಸೇವಾ ಕಚೇರಿಗೆ ಹೋಗಿ. ಮರಣೋತ್ತರ ವರದಿಗೂ ಅದರ ವಿಡಿಯೋಗೂ ಅರ್ಜಿ ಹಾಕಿಸಿ, ಸ್ವೀಕೃತಿಯ ಮುದ್ರೆ ಇರುವ ಪ್ರತಿ ಇಟ್ಟುಕೊಳ್ಳಿ. ಗಾಯದ ಫೋಟೋ ಯಾರ ಫೋನಿನಲ್ಲಿದೆಯೋ ಆ ಫೋನನ್ನು ಮಾರಬೇಡಿ, ಬದಲಾಯಿಸಬೇಡಿ. ಮೂಲ ಫೋಟೋ ಅದರಲ್ಲೇ ಇರಬೇಕು. ಆಯೋಗದ ದೂರು ಈ ತಿಂಗಳೊಳಗೆ ಹೋಗಲಿ. ಜಿನೀವಾದ ಫಾರಂ ತುಂಬಲು ಭಾವಮೈದನಿಗೆ ಹೇಳಿ, ಇಂಗ್ಲಿಷಿನ ಕೆಲಸ ಅವನು ಮಾಡಲಿ. ಆದರೆ ಮರಣೋತ್ತರ ವರದಿ ಕೈಗೆ ಬಂದು, ಆಯೋಗದ ಕೇಸ್ ನಂಬರ್ ಸಿಕ್ಕಿದ ಮೇಲೆ ಕಳಿಸಲಿ, ಆ ನಂಬರನ್ನು ಮೊದಲ ಪ್ಯಾರಾದಲ್ಲೇ ಬರೆಯಲಿ. ವರದಿ ಕೊಡಲು ಒಂದು ತಿಂಗಳಿಗಿಂತ ಜಾಸ್ತಿ ಸತಾಯಿಸಿದರೆ ಅದಕ್ಕೇ ಹೈಕೋರ್ಟಿಗೆ ಹೋಗಬಹುದು, ನಿಮ್ಮ ವಕೀಲರಿಗೆ ಹೇಳಿ.